ಲೆಕ್ಕ ಬರುತ್ತೆ, ದಾರಿ ಹೊಳೆಯೋದಿಲ್ಲ!

ಚಿತ್ರದುರ್ಗ: ಎಸ್ಸೆಸ್ಸೆಲ್ಸಿ ಓದುವ ಹುಡುಗನನ್ನು ಬಸ್ ಸ್ಟ್ಯಾಂಡಿನಲ್ಲಿ ನಿಲ್ಲಿಸಿ ಒಂದು ಪ್ರಶ್ನೆ ಕೇಳಿ ನೋಡಿ. ಲಕ್ಷ್ಮೀ ಬಜಾರಿನ ಸಾಹುಕಾರರೊಬ್ಬರು ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಮೂರೂ ಕಡೆ ಬಾಕಿ ವಸೂಲು ಮಾಡಿಕೊಂಡು ರಾತ್ರಿಯೊಳಗೆ ದುರ್ಗಕ್ಕೆ ವಾಪಸ್ಸಾಗಬೇಕು. ಯಾವ ಊರು ಮೊದಲು, ಯಾವುದು ಆಮೇಲೆ?

'ಯಾವ ಸೂತ್ರ ಹಾಕ್ಬೇಕು ಸಾರ್?' ಅಂತ ಹುಡುಗ ಕೇಳಿದರೆ ಆಶ್ಚರ್ಯವಿಲ್ಲ. ನಮ್ಮ ಶಾಲೆಗಳಲ್ಲಿ ಕಲಿಸಿದ್ದೇ ಅಷ್ಟು!

ಸೂತ್ರ ಬೇಕಿಲ್ಲ, ಒಂದು ಚೂರು ಸೀಮೆಸುಣ್ಣ ಸಾಕು. ಮೂರು ಊರನ್ನು ಆರು ಕ್ರಮದಲ್ಲಿ ಜೋಡಿಸಬಹುದು. ಅದರಲ್ಲಿ ಮೂರು, ಉಳಿದ ಮೂರರ ತಿರುವು ಮುರುವು ಅಷ್ಟೆ. ಅಂದ್ರೆ ನೋಡಬೇಕಾದ್ದು ಮೂರೇ ದಾರಿ. ಹೊಳಲ್ಕೆರೆಯಿಂದ ಹಿರಿಯೂರಿಗೆ ಹಾರುವ ದಾರಿ ಸುತ್ತು ಬಳಸು, ಅದನ್ನು ಹೊಡೆದು ಹಾಕಿ. ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು ಅಂತ ಒಂದು ಸುತ್ತು ಹೊಡೆದು ಬರೋದೇ ಲೇಸು. ಯಾವ ತುದಿಯಿಂದ ಶುರು? ಅದನ್ನು ಕೊನೇ ಬಸ್ಸಿನ ಟೈಮು ಹೇಳುತ್ತೆ. ಬಸ್ಸಿನ ಬಣ್ಣ, ಕಂಡಕ್ಟರನ ಹೆಸರು ಈ ಲೆಕ್ಕಕ್ಕೆ ಬೇಡ. ಬೇಡದ್ದನ್ನು ಬಿಡೋದೂ ವಿದ್ಯೆಯೇ.

ಕಂಪ್ಯೂಟರ್ ಪಂಡಿತರು ಇದಕ್ಕೆ ದೊಡ್ಡ ಹೆಸರಿಟ್ಟಿದ್ದಾರೆ, ಇರಲಿ ಬಿಡಿ. ನಮ್ಮ ದೇಶದ ಶಾಲೆಗಳಿಗೆ ಕಂಪ್ಯೂಟರ್ ಪಾಠ ತರುವ 'ಕ್ಲಾಸ್' ಯೋಜನೆ ಶುರುವಾದದ್ದು 1984ರಲ್ಲಿ, ಬಿಬಿಸಿ ಮೈಕ್ರೋ ಎಂಬ ಯಂತ್ರ ಇಟ್ಟುಕೊಂಡು. ಆಮೇಲೆ ರಾಜ್ಯದ 'ಮಾಹಿತಿ ಸಿಂಧು' ಬಂತು, ಹೋಯ್ತು. ಯೋಜನೆ ಬಂದಾಗಲೆಲ್ಲ ಮಾತು ಯಂತ್ರದ್ದೇ. ಕೊಠಡಿಗೆ ಬೀಗ ಬಿದ್ದರೆ, ಕರೆಂಟ್ ಹೋದರೆ ಪಾಠವೂ ಅಲ್ಲಿಗೇ ಮುಕ್ತಾಯ. ನಷ್ಟ ಯಾರಿಗೆ? ಮನೇಲಿ ಕಂಪ್ಯೂಟರ್ ಇಲ್ಲದ ಹಳ್ಳಿ ಹುಡುಗರಿಗೆ, ಹುಡುಗಿಯರಿಗೆ.

ಯಂತ್ರ ಇದ್ದವರೂ ಬೀಗಬೇಕಿಲ್ಲ. ಊರು ನಾಲ್ಕರ ಬದಲು ಇಪ್ಪತ್ತಾದರೆ ದಾರಿಗಳ ಸಂಖ್ಯೆ ಆರುನೂರು ಕೋಟಿ ಕೋಟಿ ದಾಟುತ್ತೆ! ಒಂದೊಂದನ್ನೇ ಎಣಿಸುತ್ತಾ ಕೂತರೆ ಯಂತ್ರಕ್ಕೂ ಸುಸ್ತು. ಯಾವುದನ್ನು ಎಣಿಸೋದೇ ಬೇಡ ಅಂತ ಮೊದಲು ಮನುಷ್ಯನೇ ಯೋಚಿಸಬೇಕು.

ಲಿಥುವೇನಿಯಾ ದೇಶದವರು ಇದನ್ನು ಬೇಗ ಅರ್ಥ ಮಾಡಿಕೊಂಡರು. 2004ರಲ್ಲಿ ಅವರು 'ಬೆಬ್ರಾಸ್' ಎಂಬ ಸ್ಪರ್ಧೆ ಶುರು ಮಾಡಿದರು. ಪ್ರೋಗ್ರಾಂ ಬರೆಯೋದು ಗೊತ್ತಿರಬೇಕಿಲ್ಲ, ಪುಟ್ಟ ಪುಟ್ಟ ಒಗಟು ಬಿಡಿಸಿದರಾಯ್ತು. ಅದೀಗ ಭಾರತಕ್ಕೂ ಬಂದಿದೆ.

ಅಂಗಡಿಯವರಿಗೆ ಇದು ಹೊಸದೇನಲ್ಲ. ಸಾವಿರ ಪುಟದ ಖಾತೆ ಪುಸ್ತಕದಲ್ಲಿ ಹೆಸರುಗಳು ಅಕ್ಷರಕ್ರಮದಲ್ಲಿದ್ದರೆ ಯಾರೂ ಒಂದನೇ ಪುಟದಿಂದ ತಿರುವೋದಿಲ್ಲ. ನಡುವೆ ತೆರೀತಾರೆ, ಹಿಂದೋ ಮುಂದೋ ನೋಡ್ತಾರೆ, ಉಳಿದರ್ಧದ ನಡುವೆ ಮತ್ತೆ ತೆರೀತಾರೆ. ಹತ್ತು ಸಲ ತೆರೆಯೋದರೊಳಗೆ ಬಾಕಿದಾರ ಸಿಕ್ಕಿಬಿದ್ದ! ಇದನ್ನೇ ಎಂಟನೇ ಕ್ಲಾಸಿನಲ್ಲಿ ಒಂದು ಪೀರಿಯಡ್ ಆಡಿಸಿದರೆ ಮೇಷ್ಟ್ರಿಗೆ ಕಾಸಿನ ಖರ್ಚಿಲ್ಲ.

ಇಂದು ರಾತ್ರಿ ಊಟಕ್ಕೆ ಕೂತಾಗ ಮನೆ ಮಕ್ಕಳನ್ನು ಕೇಳಿ. ಸಾಹುಕಾರರ ಪಟ್ಟಿಗೆ ಚಳ್ಳಕೆರೆ, ಮೊಳಕಾಲ್ಮೂರು ಸೇರಿದರೆ ದಾರಿ 60 ಆಗುತ್ತೆ. ಇವೆರಡು ಊರು ಒಂದರ ಬೆನ್ನಿಗೆ ಒಂದು ಬರಲೇಬೇಕು ಅಂದರೆ ಎಷ್ಟು ಉಳೀತವೆ? ಉತ್ತರ 24. ಹೇಗೆ ಅಂತ ಮಕ್ಕಳೇ ಹೇಳಲಿ.