ತುಂಬಿದ ಕಣಜ, ಬರಿದಾದ ಕಪಾಟು

2020ರ ಮಾರ್ಚ್ ತಿಂಗಳ ಮೂರನೆಯ ವಾರ. ಲಂಡನ್ನಿನ ರೇನರ್ಸ್ ಲೇನ್ ಸ್ಟೇಷನ್ನಿನ ಆಸುಪಾಸಿನ ನಮ್ಮ ಕಡೆಯ ದಿನಸಿ ಅಂಗಡಿಗಳಲ್ಲಿ ತೊಗರಿಬೇಳೆ ಇಡುವ ಜಾಗ ಖಾಲಿ. ಸೋನಾ ಮಸೂರಿ ಚೀಲಗಳನ್ನು ಜೋಡಿಸುವ ಮೂಲೆಯಲ್ಲಿ ಬರೀ ನೆಲ. ಆ ದಿನಗಳಲ್ಲೂ ಆಮೇಲೂ ಹುಟ್ಟಿಕೊಂಡ ಕೆಲವು ನಂಬಿಕೆಗಳು ಇಂದಿಗೂ ನಮ್ಮ ಮನೆಗಳಲ್ಲಿ ಉಳಿದಿವೆ. ಅವುಗಳಲ್ಲಿ ಒಂದೆರಡು ನಿಜಕ್ಕೂ ಕೆಡುಕು ಮಾಡುತ್ತಿವೆ.

ಮೊದಲನೆಯದು: ‘ಯಾರೋ ಕೆಲವು ದುರಾಸೆಯವರು ಟ್ರಾಲಿ ತುಂಬಿಸಿಕೊಂಡು ಹೋದರು, ಅದಕ್ಕೇ ನಮಗೆ ಸಿಗಲಿಲ್ಲ.’

ಮಾರುಕಟ್ಟೆ ಸಮೀಕ್ಷೆ ನಡೆಸುವ ಕ್ಯಾಂಟಾರ್ ಸಂಸ್ಥೆ ಆಗಿನ ಖರೀದಿಗಳನ್ನು ಲೆಕ್ಕ ಹಾಕಿತ್ತು. ಪಾಸ್ತಾವನ್ನು ವಿಪರೀತ ಪ್ರಮಾಣದಲ್ಲಿ ಕೊಂಡವರು ನೂರಕ್ಕೆ ಮೂವರು ಮಾತ್ರ. ಉಳಿದ ಬಹಳಷ್ಟು ಜನ ಮಾಡಿದ್ದು ಸಣ್ಣ ಕೆಲಸ: ಒಂದು ಪ್ಯಾಕೆಟ್ ಹೆಚ್ಚು ತೆಗೆದುಕೊಂಡರು, ಮೊದಲಿಗಿಂತ ಹೆಚ್ಚು ಸಲ ಅಂಗಡಿಗೆ ಹೋದರು. ಮಾರ್ಚ್ 22ಕ್ಕೆ ಮುಗಿದ ನಾಲ್ಕು ವಾರಗಳಲ್ಲಿ ಪ್ರತಿ ಮನೆ ಸರಾಸರಿ 63 ಪೌಂಡಿನಷ್ಟು ಹೆಚ್ಚು ಖರ್ಚು ಮಾಡಿತ್ತು. ಸೂಪರ್‌ಮಾರ್ಕೆಟ್ಟುಗಳು ಹಿಂದಿನ ಕೋಣೆಯಲ್ಲಿ ತಿಂಗಳ ದಾಸ್ತಾನು ಇಟ್ಟುಕೊಳ್ಳುವುದಿಲ್ಲ. ಇಂದು ಎಷ್ಟು ಖಾಲಿಯಾಗಬಹುದೋ ಅಷ್ಟನ್ನೇ ಲಾರಿಯಲ್ಲಿ ತರಿಸುತ್ತವೆ. ಊರಿನ ಪ್ರತಿ ಮನೆಯೂ ಒಂದೇ ವಾರದಲ್ಲಿ ಒಂದೊಂದು ಪ್ಯಾಕೆಟ್ ಹೆಚ್ಚು ಒಯ್ದರೆ ಕಪಾಟು ಮಧ್ಯಾಹ್ನಕ್ಕೇ ಬರಿದು. ‘ನಾನು ಒಂದೇ ತಾನೇ ತಗೊಂಡಿದ್ದು’ ಎಂದವರಲ್ಲಿ ನಾನೂ ಇದ್ದೆ. ತಪ್ಪು ನಮ್ಮೆಲ್ಲರ ಪಾಲಿನದು.

ಕಪಾಟು ಖಾಲಿಯಾದರೆ ದೇಶದಲ್ಲಿ ಆಹಾರವೇ ಮುಗಿಯಿತು ಎಂಬುದೂ ತಪ್ಪು. ಮೈದಾ, ಗೋಧಿ ಹಿಟ್ಟಿನ ಕಥೆಯನ್ನೇ ನೋಡಿ. ಬ್ರಿಟನ್ನಿನ ಗಿರಣಿಗಳು ಹಗಲೂ ರಾತ್ರಿ ಓಡುತ್ತಿದ್ದವು, ಹಿಟ್ಟಿಗೆ ಬರವಿರಲಿಲ್ಲ. ಆದರೆ ಇಲ್ಲಿಯ ಹಿಟ್ಟಿನಲ್ಲಿ ಅಂಗಡಿಗಳ ಮೂಲಕ ಮನೆಗೆ ಹೋಗುವುದು ಶೇ. 4 ಮಾತ್ರ, ಮಿಕ್ಕಿದ್ದೆಲ್ಲ ದೊಡ್ಡ ಮೂಟೆ, ಟ್ಯಾಂಕರುಗಳಲ್ಲಿ ಬೇಕರಿಗಳಿಗೆ, ಕಾರ್ಖಾನೆಗಳಿಗೆ. ಒಂದೂವರೆ ಕಿಲೋದ ಚಿಕ್ಕ ಚೀಲ ತುಂಬುವ ಯಂತ್ರಗಳಿದ್ದದ್ದೇ ಕೆಲವು. ಕೊರತೆ ಬಿದ್ದದ್ದು ಅಲ್ಲಿ.

2023ರಲ್ಲಿ ಇನ್ನೊಂದು ಗಾಬರಿ. ಜುಲೈ 20ರಂದು ಭಾರತ ಸರ್ಕಾರ ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತನ್ನು ನಿಷೇಧಿಸಿತು. ಅಮೆರಿಕದ ಭಾರತೀಯ ಅಂಗಡಿಗಳಲ್ಲಿ ಸೋನಾ ಮಸೂರಿಗಾಗಿ ನೂಕುನುಗ್ಗಲು. ‘ಇನ್ನು ಊರಿನ ಅಕ್ಕಿ ಬರುವುದೇ ಇಲ್ಲ’ ಎಂಬ ಮಾತು ಸಾಗರ ದಾಟಿ ಹಬ್ಬಿತು. ಆದೇಶದಲ್ಲಿ ಬಾಸ್ಮತಿ ಇರಲಿಲ್ಲ, ಕುಚ್ಚಲಕ್ಕಿಯೂ ಇರಲಿಲ್ಲ. ಕುಚ್ಚಲಕ್ಕಿಯ ಮೇಲೆ ಆಗಸ್ಟ್‌ನಲ್ಲಿ ಶೇ. 20 ಸುಂಕ ಬಿತ್ತು, ಅಷ್ಟೆ. 2024ರ ಸೆಪ್ಟೆಂಬರ್‌ನಲ್ಲಿ ಬಿಳಿ ಅಕ್ಕಿಯ ನಿಷೇಧವೂ ಹೋಯಿತು. ಅದೇ 2023ರ ಜುಲೈನಲ್ಲಿ ಕರ್ನಾಟಕದಲ್ಲಿ ಅನ್ನಭಾಗ್ಯ ಪಡಿತರ ಯೋಜನೆಯ ಹೆಚ್ಚುವರಿ ಐದು ಕಿಲೋ ಅಕ್ಕಿ ಹೊಂದಿಸಲಾಗದೆ, ತಲೆಗೆ 170 ರೂಪಾಯಿ ಖಾತೆಗೆ ಹಾಕಲು ಶುರುಮಾಡಿದ್ದರು. ನಮಗೆ ಪ್ರಿಯವಾದ ಅಕ್ಕಿಯ ಹೆಸರು ಬದಲಾಗುವ ಭಯಕ್ಕೂ, ಅನ್ನಕ್ಕೇ ಅಕ್ಕಿ ಸಾಲದ ಕಷ್ಟಕ್ಕೂ ಅಜಗಜಾಂತರವಿದೆ.

‘ಕೂಡಿಡುವುದು ನಮ್ಮ ಹಿರಿಯರಿಂದ ಬಂದದ್ದು’ ಎನ್ನುವವರಿದ್ದಾರೆ. ನಿಜ, ಅವರು ಕೂಡಿಟ್ಟರು. ಉತ್ತರ ಕರ್ನಾಟಕದಲ್ಲಿ ಜೋಳವನ್ನು ನೆಲದಡಿಯ ಹಗೇವಿಗೆ ಇಳಿಸಿದರು, ಮಳೆಗಾಲಕ್ಕೆ ಮುಂಚೆ ಹಪ್ಪಳ ಸಂಡಿಗೆ ಒಣಗಿಸಿದರು, ಮೆಣಸಿನಕಾಯಿ ಕೊಂಡು ಡಬ್ಬಿ ತುಂಬಿದರು. ಆದರೆ ಕಣಜ ತುಂಬುತ್ತಿದ್ದದ್ದು ಸುಗ್ಗಿಯಲ್ಲಿ, ಎಲ್ಲರಿಗೂ ಸಾಕಾಗಿ ಮಿಗುವಾಗ. ಎಲ್ಲರಿಗೂ ಸಾಲದಿರುವ ವಾರದಲ್ಲಿ ನಾವು ತುಂಬಿಕೊಂಡರೆ ಅದು ಆ ಪದ್ಧತಿಯಲ್ಲ.

ಮನೆಯಲ್ಲಿ ಸ್ವಲ್ಪ ಇರಬೇಕು, ಅದರಲ್ಲಿ ತಪ್ಪಿಲ್ಲ. 2024ರ ಮೇ ತಿಂಗಳಲ್ಲಿ ಇಲ್ಲಿಯ ಸರ್ಕಾರವೇ ಪ್ರತಿ ಮನೆಯಲ್ಲಿ ಕುಡಿಯುವ ನೀರು, ಬೇಯಿಸದೆ ತಿನ್ನಬಹುದಾದ ಆಹಾರ ಇರಲಿ ಎಂದು ಸಲಹೆ ಕೊಟ್ಟಿತು. ಕರೆಂಟು ಹೋದ ರಾತ್ರಿ ಇಪ್ಪತ್ತು ಕಿಲೋ ಅಕ್ಕಿ ಏನು ಪ್ರಯೋಜನ? ಅವಲಕ್ಕಿ, ಹುರಿಗಡಲೆ, ಚಟ್ನಿಪುಡಿ, ಬೆಲ್ಲ ಇದ್ದರೆ ಒಲೆಯ ಹಂಗಿಲ್ಲ.

ಈಗ ಅತಿ ಹೆಚ್ಚು ಕೆಡುಕು ಮಾಡುವ ನಂಬಿಕೆಗೆ ಬರುತ್ತೇನೆ: ‘ಫುಡ್ ಬ್ಯಾಂಕಿಗೆ ಹೋದರೆ ವೀಸಾಕ್ಕೆ ತೊಂದರೆ.’ ಕೆಲಸದ ವೀಸಾ, ವಿದ್ಯಾರ್ಥಿ ವೀಸಾದವರಿಗೆ ‘ಸಾರ್ವಜನಿಕ ನಿಧಿ ಬಳಸುವಂತಿಲ್ಲ’ ಎಂಬ ಷರತ್ತು ಇರುತ್ತದೆ. ಅದನ್ನು ಓದಿ ಹೆದರಿ, ಬಾಡಿಗೆ ಕಟ್ಟಿದ ಮೇಲೆ ಏನೂ ಉಳಿಯದೆ ಅರೆಹೊಟ್ಟೆಯಲ್ಲಿ ಇರುವವರಿದ್ದಾರೆ. ಸಾರ್ವಜನಿಕ ನಿಧಿ ಯಾವುದು ಎಂಬುದಕ್ಕೆ ವಲಸೆ ನಿಯಮಗಳಲ್ಲಿ ಪಟ್ಟಿಯೇ ಇದೆ. ಯೂನಿವರ್ಸಲ್ ಕ್ರೆಡಿಟ್, ಚೈಲ್ಡ್ ಬೆನಿಫಿಟ್ ಅದರಲ್ಲಿವೆ. ಫುಡ್ ಬ್ಯಾಂಕಿನ ಆಹಾರ ಅದರಲ್ಲಿಲ್ಲ, ಅದು ದಾನ. ಶಾಲೆಯ ಉಚಿತ ಊಟವೂ ಅದರಲ್ಲಿಲ್ಲ. 2023ರ ಸೆಪ್ಟೆಂಬರ್‌ನಿಂದ ಲಂಡನ್ನಿನ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಎಲ್ಲ ಮಕ್ಕಳಿಗೂ, ತಂದೆತಾಯಿಯ ಸಂಬಳ ಕೇಳದೆ, ಮಧ್ಯಾಹ್ನದ ಊಟ ಉಚಿತ.

ಹೆಲ್ತಿ ಸ್ಟಾರ್ಟ್ ಕಾರ್ಡ್ ಎಂಬುದೊಂದಿದೆ. ಆದಾಯ ಕಡಿಮೆಯಿರುವ ಗರ್ಭಿಣಿಯರಿಗೆ, ನಾಲ್ಕು ವರ್ಷದೊಳಗಿನ ಮಕ್ಕಳಿರುವ ಮನೆಗಳಿಗೆ. ಸಾರ್ವಜನಿಕ ನಿಧಿ ಸಿಗದ ಕುಟುಂಬವೂ, ಆ ವಯಸ್ಸಿನ ಬ್ರಿಟಿಷ್ ಪೌರತ್ವದ ಮಗುವಿದ್ದು ಆದಾಯ ತೀರಾ ಕಡಿಮೆಯಿದ್ದರೆ, ಅರ್ಜಿ ಹಾಕಬಹುದು. ಹಾಲು, ಹಣ್ಣು, ತರಕಾರಿಯ ಜೊತೆ ಒಣಬೇಳೆಗಳನ್ನೂ ಆ ಕಾರ್ಡಿನಲ್ಲಿ ಕೊಳ್ಳಲು ಅವಕಾಶವಿದೆ. ಎಂದರೆ ನಮ್ಮ ಸಾರಿಗೆ ಬೇಕಾದ ತೊಗರಿಬೇಳೆಯನ್ನೂ.

ಬಹುತೇಕ ಫುಡ್ ಬ್ಯಾಂಕುಗಳಿಗೆ ಒಂದು ಶಿಫಾರಸು ಚೀಟಿ ಬೇಕು. ಅದನ್ನು ನಿಮ್ಮ ಜಿಪಿ, ಮಗುವಿನ ಶಾಲೆ, ಹೆಲ್ತ್ ವಿಸಿಟರ್ ಅಥವಾ ಸಿಟಿಜನ್ಸ್ ಅಡ್ವೈಸ್ ಕಚೇರಿ ಕೊಡಿಸುತ್ತದೆ. ಕೇಳಲು ನಾಚಿಕೆಪಡುವ ಹೊಸ ದಂಪತಿಯೋ ವಿದ್ಯಾರ್ಥಿಯೋ ನಿಮ್ಮ ಬೀದಿಯಲ್ಲಿದ್ದರೆ, ದಯವಿಟ್ಟು ಈ ಮಾತನ್ನು ನೀವಾಗಿಯೇ ಅವರ ಕಿವಿಗೆ ಹಾಕಿ.