ಕರುಳಿನ ಉರಿಯೂತವೂ ಗ್ಲುಟಮಿನ್ನೂ

1932ರಲ್ಲಿ ನ್ಯೂಯಾರ್ಕಿನ ಕ್ರೋನ್, ಗಿನ್ಜ್‌ಬರ್ಗ್, ಓಪನ್‌ಹೈಮರ್ ಎಂಬ ಮೂವರು ವೈದ್ಯರು ಸಣ್ಣಕರುಳಿನ ಕೊನೆಯ ಭಾಗಕ್ಕೆ ತಗಲುವ ಒಂದು ಬಹುಕಾಲಿಕ ಉರಿಯೂತವನ್ನು ವರ್ಣಿಸಿದರು. ಅದಕ್ಕೆ ಕ್ರೋನ್ ರೋಗವೆಂಬ ಹೆಸರು ನಿಂತಿತು. ದೊಡ್ಡಕರುಳಿನ ಒಳಪೊರೆಯಲ್ಲಿ ಹುಣ್ಣೆಬ್ಬಿಸುವ ಅಲ್ಸರೇಟಿವ್ ಕೊಲೈಟಿಸ್ ಇದರ ದಾಯಾದಿ. ಇಂತಹ ರೋಗಗಳಲ್ಲಿ ರೋಗಿಯು ಕೃಶನಾಗುವುದು ಸಾಮಾನ್ಯವಾದುದರಿಂದ, ಆಹಾರದ ಮೂಲಕವೇ ಇವನ್ನು ಹತೋಟಿಯಲ್ಲಿಡಬಹುದೇ ಎಂಬ ಪ್ರಶ್ನೆ ಸಹಜವಾಗಿಯೇ ಹುಟ್ಟಿತು.

ಆಗ ಎಲ್ಲರ ದೃಷ್ಟಿಯೂ ಹರಿದದ್ದು ಗ್ಲುಟಮಿನ್ ಎಂಬ ಅಮೈನೋ ಆಮ್ಲದ ಕಡೆಗೆ. ಇಲಿಯ ಸಣ್ಣಕರುಳು ರಕ್ತದಿಂದ ಗ್ಲುಟಮಿನ್ನನ್ನು ಹೇರಳವಾಗಿ ಹೀರಿಕೊಳ್ಳುವುದೆಂದು 1974ರಲ್ಲಿ ವಿಂಡ್‌ಮುಲ್ಲರ್ ಮತ್ತು ಸ್ಪೇತ್ ಎಂಬ ವಿಜ್ಞಾನಿಗಳು ತೋರಿಸಿದರು. ಕರುಳಿನ ಒಳಪೊರೆಯ ಕೋಶಗಳು ಕೆಲವೇ ದಿನಗಳಲ್ಲಿ ಉದುರಿ ಹೊಸವು ಹುಟ್ಟುತ್ತಿರುವುದರಿಂದ ಅವುಗಳಿಗೆ ಇಂಧನದ ಅಗತ್ಯ ಬಹಳ. ಉರಿಯೂತದಲ್ಲಿ ಕೋಶಕೋಶಗಳ ನಡುವಣ ಬೆಸುಗೆ ಸಡಿಲಗೊಂಡು, ಒಳಗೆ ಬರಬಾರದ ವಸ್ತುಗಳು ನುಸುಳುತ್ತವೆ. ಗ್ಲುಟಮಿನ್ನನ್ನು ಒದಗಿಸಿದರೆ ಈ ಗೋಡೆ ಭದ್ರವಾಗಬೇಕಲ್ಲವೆ? ತರ್ಕವೇನೋ ಸೊಗಸಾಗಿದೆ. ಆದರೆ ದೊಡ್ಡಕರುಳಿನ ಕೋಶಗಳಿಗೆ ಮುಖ್ಯ ಇಂಧನವು ನಾರಿನಿಂದ ಸೂಕ್ಷ್ಮಜೀವಿಗಳು ತಯಾರಿಸುವ ಬ್ಯುಟಿರೇಟ್. ಆದಕಾರಣ ಈ ತರ್ಕವನ್ನು ಕೊಲೈಟಿಸ್‌ಗೆ ಹಾಗೆಯೇ ಅನ್ವಯಿಸಲಾಗದು.

ರೋಗಿಗಳ ಮೇಲಣ ಪರೀಕ್ಷೆಗಳು ಉತ್ಸಾಹವನ್ನು ತಗ್ಗಿಸಿದುವು. 1999ರಲ್ಲಿ ಪ್ರಕಟವಾದ ಬೆಲ್ಜಿಯಂ ದೇಶದ ಪ್ರಯೋಗದಲ್ಲಿ, ಕರುಳಿನ ಸೋರಿಕೆ ಹೆಚ್ಚಾಗಿದ್ದ ಕ್ರೋನ್ ರೋಗಿಗಳಿಗೆ ದಿನಕ್ಕೆ ಮೂರು ಬಾರಿ 7 ಗ್ರಾಂನಂತೆ 4 ವಾರ ಗ್ಲುಟಮಿನ್ ಕೊಟ್ಟರೂ ಸೋರಿಕೆ ಕಡಮೆಯಾಗಲಿಲ್ಲ. ಮರುವರ್ಷ ಪ್ರಕಟವಾದ, ಮಕ್ಕಳ ಮೇಲಣ ಪ್ರಯೋಗದಲ್ಲಿಯೂ ಗ್ಲುಟಮಿನ್ ಬೆರೆತ ಆಹಾರ ಸಾಧಾರಣ ಸೂತ್ರಾಹಾರವನ್ನು ಮೀರಿಸಲಿಲ್ಲ. ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯಿಂದ 2012ರಲ್ಲಿ ಬಂದ ವರದಿಯು ವಿದ್ಯಾರ್ಥಿಗಳು ವಿಶೇಷವಾಗಿ ಪರಿಶೀಲಿಸತಕ್ಕದ್ದು. ರೋಗ ಶಮನಗೊಂಡಿದ್ದ ಒಂದು ಗುಂಪಿಗೆ ಗ್ಲುಟಮಿನ್ನನ್ನೂ ಇನ್ನೊಂದಕ್ಕೆ ಹಾಲೊಡಕಿನ ಪ್ರೋಟೀನನ್ನೂ 2 ತಿಂಗಳು ಕೊಡಲಾಗಿ, ಎರಡರಲ್ಲಿಯೂ ಸೋರಿಕೆ ಇಳಿಯಿತು. ಹೀಗಿರುವಾಗ ಕೀರ್ತಿಯನ್ನೆಲ್ಲ ಗ್ಲುಟಮಿನ್ ಒಂದಕ್ಕೇ ಸಲ್ಲಿಸುವುದು ನ್ಯಾಯವಲ್ಲ. ಎರಡನ್ನೂ ಪಡೆಯದ ಮೂರನೆಯ ಗುಂಪೊಂದಿದ್ದರೆ ನಿರ್ಣಯ ಸುಲಭವಾಗುತ್ತಿತ್ತು.

ಗ್ಲುಟಮಿನ್ ಪುಡಿ ಇಂದು ವೈದ್ಯರ ಚೀಟಿಯಿಲ್ಲದೆಯೇ ಅಂಗಡಿಯಲ್ಲಿ ದೊರೆಯುತ್ತದೆ. ಅದನ್ನು ನಂಬಿ ಔಷಧ ಬಿಟ್ಟವನಿಗೆ ನೋವು ಕಾಣದಿದ್ದರೂ, ಉರಿಯೂತ ಒಳಗೊಳಗೇ ಮುಂದುವರಿದು ಕರುಳಿನ ದಾರಿ ಕಿರಿದಾಗಬಹುದು.

ಆಹಾರಚಿಕಿತ್ಸೆಯೇ ವ್ಯರ್ಥವೆಂದು ಇದರ ಅರ್ಥವಲ್ಲ. ಅಮೈನೋ ಆಮ್ಲಗಳಿಂದಲೇ ರಚಿತವಾದ ದ್ರವಾಹಾರವು ಉಲ್ಬಣಗೊಂಡ ಕ್ರೋನ್ ರೋಗವನ್ನು ಪ್ರೆಡ್ನಿಸೊಲೋನಿನಷ್ಟೇ ಚೆನ್ನಾಗಿ ಶಮನಗೊಳಿಸಿತೆಂದು 1984ರಲ್ಲಿ ಓಮೊರೇನ್ ಮತ್ತು ಸಂಗಡಿಗರು ವರದಿಮಾಡಿದರು. ಆದರೆ ಇಡಿಯ ಪ್ರೋಟೀನುಳ್ಳ ದ್ರವಾಹಾರವೂ ಅಷ್ಟೇ ಫಲಕಾರಿಯೆಂದು ಮುಂದೆ ಕಂಡುಬಂದಿತು. ಕ್ರೋನ್ ರೋಗವುಳ್ಳ ಮಕ್ಕಳಿಗೆ 6ರಿಂದ 8 ವಾರ ಬೇರೆ ಊಟವಿಲ್ಲದೆ ಇಂತಹ ಆಹಾರವನ್ನೇ ಕೊಡುವುದು ಈಗ ಮೊದಲ ಸಾಲಿನ ಚಿಕಿತ್ಸೆಗಳಲ್ಲೊಂದು. ಗುಣ ಬರುವುದು ಆಹಾರದಲ್ಲಿ ಸೇರಿಸಿದ್ದರಿಂದಲೋ, ನಿತ್ಯದ ಊಟದಿಂದ ಬಿಟ್ಟದ್ದರಿಂದಲೋ ಎಂಬುದು ಈಗ ಸಂಶೋಧಕರ ಮುಂದಿರುವ ಪ್ರಶ್ನೆ.