ಗೋಡೆ ಗಲಾಟೆ ಮಾಡುತ್ತೆ

ನಮ್ಮ ಸಂಘದ ಖಜಾಂಚಿಯಾಗಿ ನನಗೆ ಹದಿನಾಲ್ಕು ವರ್ಷ ತುಂಬಿತು. ತುಮಕೂರಿನ ಒಂದು ಬಡಾವಣೆಯಲ್ಲಿ ಬಾಡಿಗೆ ಮನೆ, ಎರಡು ಕೋಣೆ, ಒಂದು ಹಜಾರ, ಹಿತ್ತಲಲ್ಲಿ ನುಗ್ಗೆ ಮರ. ಆಟಿಸಂ ಇರುವ ಇಪ್ಪತ್ತೆರಡು ಮಕ್ಕಳು ದಿನಾ ಬರುತ್ತಾರೆ. ಮಕ್ಕಳು ಅನ್ನುವುದು ರೂಢಿಗೆ ಅಷ್ಟೆ, ಅವರಲ್ಲಿ ಆರು ಜನಕ್ಕೆ ಮೀಸೆ ಬಂದಿದೆ. ಸಮಿತಿಯಲ್ಲಿ ಮೊದಲು ಒಂಬತ್ತು ಜನ ಇದ್ದೆವು. ಅಧ್ಯಕ್ಷರು ನಿವೃತ್ತ ಹೈಸ್ಕೂಲು ಮೇಷ್ಟ್ರು, ಒಬ್ಬ ಮಗುವಿನ ತಾತ. ಕಾರ್ಯದರ್ಶಿ ಮನೆಯಲ್ಲೇ ರವಿಕೆ ಹೊಲಿಯುತ್ತಾರೆ. ನಾನು ಸಹಕಾರಿ ಬ್ಯಾಂಕಿನಲ್ಲಿ ಕ್ಯಾಷಿಯರ್. ಸಂಸ್ಥೆ ನೋಡಲು ಬಂದವರು ಮೊದಲು ಕೇಳುವುದು, ‘ಇದನ್ನ ನಡೆಸೋ ಡಾಕ್ಟರು ಯಾರು ಮೇಡಂ?’ ಅಂತ. ಡಾಕ್ಟರು ಯಾರೂ ಇಲ್ಲ, ಅಪ್ಪ ಅಮ್ಮಂದಿರೇ ನಡೆಸುವುದು ಅಂದರೆ ಅವರಿಗೆ ನಂಬಿಕೆ ಬರುವುದಿಲ್ಲ.

ಆದರೆ ಈ ಕ್ಷೇತ್ರದ ಎಷ್ಟೋ ದೊಡ್ಡ ಸಂಸ್ಥೆಗಳ ಕಥೆಯೂ ಇದೇ. ಮಗುವಿಗೆ ಎಲ್ಲೂ ಜಾಗ ಸಿಗದ ಒಬ್ಬ ತಾಯಿಯೋ ತಂದೆಯೋ ಅವುಗಳ ಬಾಗಿಲು ತೆಗೆದದ್ದು.

ನನ್ನ ಮಗನಿಗೆ ಮೂರು ವರ್ಷವಾದರೂ ಹೆಸರು ಕರೆದರೆ ತಿರುಗುತ್ತಿರಲಿಲ್ಲ. ಕಿವಿ ಕೇಳಿಸುವುದಿಲ್ಲವೇನೋ ಅಂದುಕೊಂಡೆವು. ಆದರೆ ಮೂರು ಮನೆ ಆಚೆ ಮಿಕ್ಸಿ ತಿರುಗಿದರೆ ಎರಡೂ ಕಿವಿ ಮುಚ್ಚಿಕೊಂಡು ಮಂಚದ ಕೆಳಗೆ ಸೇರುತ್ತಿದ್ದ. ಒಬ್ಬ ವೈದ್ಯರ ಹತ್ತಿರ ಹೋದೆವು. ಅವರು ಮಗುವನ್ನು ಎರಡು ನಿಮಿಷ ನೋಡಿದರು, ಆಮೇಲೆ ನನ್ನ ಕಡೆ ತಿರುಗಿ, ‘ನೀವು ಕೆಲಸಕ್ಕೆ ಹೋಗ್ತೀರಲ್ಲಮ್ಮ, ಮನೇಲಿ ಅವನ ಜೊತೆ ಮಾತಾಡೋರು ಯಾರು?’ ಅಂದರು. ಬಸ್ಸಿನಲ್ಲಿ ವಾಪಸು ಬರುವಾಗ ಮಗ ಕಿಟಕಿಯ ಸರಳನ್ನು ನೆಕ್ಕುತ್ತಾ ಕೂತಿದ್ದ. ತಪ್ಪು ನನ್ನದೇ ಅಂತ ನಾನು ಒಪ್ಪಿಕೊಂಡುಬಿಟ್ಟಿದ್ದೆ.

ಆ ಮಾತಿಗೆ ಅಷ್ಟು ಉದ್ದದ ಚರಿತ್ರೆ ಇದೆ ಅಂತ ಗೊತ್ತಾದದ್ದು ಬಹಳ ವರ್ಷಗಳ ಮೇಲೆ. 1943ರಲ್ಲಿ ಲಿಯೋ ಕ್ಯಾನರ್ ಎಂಬ ಮಕ್ಕಳ ಮನೋವೈದ್ಯರು ಅಮೆರಿಕದಲ್ಲಿ ಹನ್ನೊಂದು ಮಕ್ಕಳ ಬಗ್ಗೆ ಒಂದು ಪ್ರಬಂಧ ಬರೆದರು. ಆಟಿಸಂ ಎಂಬ ಸ್ಥಿತಿಯನ್ನು ವೈದ್ಯಲೋಕ ಗುರುತಿಸಿದ್ದು ಅಲ್ಲಿಂದ. ಆ ಮಕ್ಕಳ ತಂದೆತಾಯಿಯರಲ್ಲಿ ಬೆಚ್ಚಗಿನ ಮನಸ್ಸಿನವರು ಕಡಿಮೆ ಅನ್ನುವ ಮಾತೂ ಅದರಲ್ಲಿತ್ತು. ಆ ಒಂದು ಮಾತು ಬೆಳೆದು ತಾಯಂದಿರನ್ನು ಫ್ರಿಜ್ಜಿಗೆ ಹೋಲಿಸುವ ಸಿದ್ಧಾಂತವಾಯಿತು. ತಾಯಿಯ ತಣ್ಣನೆ ಮನಸ್ಸಿಗೆ ಹೆದರಿ ಮಗು ಒಳಗೆ ಮುದುಡಿಕೊಂಡಿದೆ ಎಂದು ಬ್ರೂನೋ ಬೆಟಲ್‌ಹೈಮ್ 1967ರಲ್ಲಿ ಪುಸ್ತಕವನ್ನೇ ಬರೆದರು. ಒಂದು ಇಡೀ ತಲೆಮಾರಿನ ಹೆಂಗಸರು ಆ ಆರೋಪವನ್ನು ತಲೆಯ ಮೇಲೆ ಹೊತ್ತುಕೊಂಡು ಬದುಕಿದರು.

ಅದನ್ನು ಎದುರಿಸಿದವರು ಬರ್ನಾರ್ಡ್ ರಿಮ್‌ಲ್ಯಾಂಡ್. ಅಮೆರಿಕದ ನೌಕಾಪಡೆಯಲ್ಲಿ ಕೆಲಸ ಮಾಡುತ್ತಿದ್ದ ಮನಶ್ಶಾಸ್ತ್ರಜ್ಞ, ಆಟಿಸಂ ಇದ್ದ ಮಗನ ತಂದೆ. ಇದು ಸಾಕಣೆಯ ದೋಷವಲ್ಲ, ಮಿದುಳಿಗೆ ಸಂಬಂಧಿಸಿದ್ದು ಎಂದು 1964ರಲ್ಲಿ ಪುಸ್ತಕ ಬರೆದು ವಾದಿಸಿದರು. ಮರುವರ್ಷ ಅವರು, ರೂತ್ ಕ್ರೈಸ್ಟ್ ಸಲಿವನ್ ಮತ್ತು ಇತರ ಪಾಲಕರು ಸೇರಿ ರಾಷ್ಟ್ರಮಟ್ಟದ ಸಂಘ ಕಟ್ಟಿದರು. ಸಲಿವನ್ ಏಳು ಮಕ್ಕಳ ತಾಯಿ. ಅಂಗವಿಕಲ ಮಕ್ಕಳಿಗೆಲ್ಲ ಶಾಲೆಯ ಹಕ್ಕು ಕೊಟ್ಟ 1975ರ ಅಮೆರಿಕದ ಕಾಯ್ದೆಗಾಗಿ ಓಡಾಡಿದವರಲ್ಲಿ ಅವರೂ ಒಬ್ಬರು. 1977ರಲ್ಲಿ ಲಂಡನ್ನಿನ ಸಂಶೋಧಕರು 21 ಅವಳಿ ಜೋಡಿಗಳನ್ನು ಅಧ್ಯಯನ ಮಾಡಿ ಇದರಲ್ಲಿ ಅನುವಂಶೀಯತೆಯ ಪಾಲು ದೊಡ್ಡದು ಎಂದು ತೋರಿಸಿದರು. ಅಷ್ಟಾದರೂ ನನ್ನ ವೈದ್ಯರ ಬಾಯಲ್ಲಿ ಹಳೆಯ ಮಾತೇ ಉಳಿದಿತ್ತು.

ಆಟಿಸಂ ಅಂದರೆ ಏನು ಅಂತ ಕೇಳುವವರಿಗೆ ನಾನು ಮಗನನ್ನೇ ತೋರಿಸುತ್ತೇನೆ. ಈಗ ಅವನಿಗೆ ಇಪ್ಪತ್ತನಾಲ್ಕು. ಕಾಫಿ ಬೇಕಾದರೆ ನನ್ನ ಹತ್ತಿರ ಬಂದು, ನನ್ನದೇ ರಾಗದಲ್ಲಿ, ‘ಕಾಫಿ ಬೇಕಾ ಪುಟ್ಟಾ?’ ಅನ್ನುತ್ತಾನೆ. ಅವನು ನನ್ನನ್ನು ಕೇಳುತ್ತಿಲ್ಲ, ತನಗೆ ಬೇಕು ಅನ್ನುತ್ತಿದ್ದಾನೆ. ಕಾಫಿ ಬಂದಾಗಲೆಲ್ಲ ಕಿವಿಗೆ ಬಿದ್ದ ಮಾತು ಅದು, ಅದನ್ನೇ ಇಡಿಯಾಗಿ ಎತ್ತಿ ಇಟ್ಟುಕೊಂಡಿದ್ದಾನೆ. ಅವರೆಕಾಯಿ ಕಾಲ ಬಂದರೆ ನಮ್ಮನೆಯಲ್ಲಿ ಹಿದುಕುವ ಕೆಲಸ ಪೂರ್ತಿ ಅವನದು. ನೆನೆದ ಕಾಳನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಒತ್ತುತ್ತಾನೆ, ಬೇಳೆ ಚಿಮ್ಮಿ ಸ್ಟೀಲ್ ಪಾತ್ರೆಗೆ ಬೀಳುತ್ತದೆ, ಸಿಪ್ಪೆ ಎಡಗಡೆಯ ಮೊರಕ್ಕೆ. ಎರಡು ಸೇರು ಮುಗಿಯುವತನಕ ಏಳುವುದಿಲ್ಲ. ಮೊರ ಬಲಗಡೆ ಇಟ್ಟೆವೋ, ಆ ದಿನ ಊಟವಿಲ್ಲ. ಆಟಿಸಂ ಇದ್ದರೆ ಬೇರೆಯವರ ಮುಖ, ಮಾತು, ಸನ್ನೆ ಓದುವ ಬಗೆ ಬೇರೆ. ಒಂದೇ ಕ್ರಮ, ಒಂದೇ ಕೆಲಸದ ಮೇಲೆ ಮನಸ್ಸು. ಸದ್ದು, ಬೆಳಕು, ಮುಟ್ಟುವಿಕೆ ಕೆಲವರಿಗೆ ಹತ್ತು ಪಟ್ಟು, ಕೆಲವರಿಗೆ ಏನೂ ಅಲ್ಲ. ಇದು ಬಂದು ಹೋಗುವ ಕಾಯಿಲೆಯಲ್ಲ. ಮಿದುಳು ಬೆಳೆಯುವ ರೀತಿಯೇ ಬೇರೆ, ಜೀವನಪೂರ್ತಿ ಇರುವಂಥದ್ದು. ಬರವಣಿಗೆಯಲ್ಲಿ ಇದಕ್ಕೆ ‘ಸ್ವಲೀನತೆ’ ಅನ್ನುತ್ತಾರೆ. ಆ ಪದ ನನಗೆ ಒಗ್ಗುವುದಿಲ್ಲ. ತನ್ನಲ್ಲೇ ಲೀನವಾದವನು ಅಮ್ಮನ ರಾಗವನ್ನು ಅಷ್ಟು ಚೆನ್ನಾಗಿ ಕೇಳಿಸಿಕೊಂಡಿರುತ್ತಾನೆಯೇ?

ಲಂಡನ್ನಿನಲ್ಲಿ 1962ರಲ್ಲಿ ಒಂದಷ್ಟು ಪಾಲಕರು ಸೇರಿ ಕಟ್ಟಿದ ಸಂಘವೇ ಇಂದಿನ ನ್ಯಾಷನಲ್ ಆಟಿಸ್ಟಿಕ್ ಸೊಸೈಟಿ. ಆ ಗುಂಪಿನಲ್ಲಿದ್ದ ಲೋರ್ನಾ ವಿಂಗ್ ಮನೋವೈದ್ಯೆ, ಮಗಳಿಗೆ ಆಟಿಸಂ. ಓದಿದ್ದೆಲ್ಲ ಕೈಯಲ್ಲಿದ್ದರೂ ಮಗಳ ವಿಷಯದಲ್ಲಿ ಅವರೂ ನಮ್ಮ ಹಾಗೇ ತಡಕಾಡಿದ ತಾಯಿ. ಆಟಿಸಂ ಎಂದರೆ ಒಂದೇ ಅಚ್ಚು ಎಂದು ಎಲ್ಲರೂ ತಿಳಿದಿದ್ದ ಕಾಲದಲ್ಲಿ ಅವರು ಸಹೋದ್ಯೋಗಿ ಜೂಡಿತ್ ಗೂಲ್ಡ್ ಜೊತೆ ಲಂಡನ್ನಿನ ಒಂದು ಪ್ರದೇಶದ ಮಕ್ಕಳನ್ನು ಅಧ್ಯಯನ ಮಾಡಿ, ಪಾಠದ ಪುಸ್ತಕದ ಲಕ್ಷಣಕ್ಕೆ ಸರಿಯಾಗಿ ಹೊಂದದ, ಆದರೂ ಅದೇ ಸಹಾಯ ಬೇಕಾದ ಮಕ್ಕಳು ಎಷ್ಟೋ ಜನ ಇದ್ದಾರೆ ಎಂದು 1979ರಲ್ಲಿ ತೋರಿಸಿದರು. ಈಗ ಎಲ್ಲರೂ ಬಳಸುವ ‘ಆಟಿಸಂ ಸ್ಪೆಕ್ಟ್ರಂ’ ಎಂಬ ಮಾತು ಅವರಿಂದ ಬಂದದ್ದು. ಆ ಸಂಘದ ಮೊದಲ ಶಾಲೆ 1965ರಲ್ಲಿ ತೆರೆಯಿತು. ಅದನ್ನು ನಡೆಸಿದ ಸಿಬಿಲ್ ಎಲ್ಗರ್ ಮೊದಲು ತಮ್ಮ ಮನೆಯ ನೆಲಮಾಳಿಗೆಯಲ್ಲಿ ಪಾಠ ಹೇಳುತ್ತಿದ್ದವರು.

ನಮ್ಮ ದೇಶದಲ್ಲಿ ಆ ಕೆಲಸ ಮಾಡಿದವರು ದೆಹಲಿಯ ಮೆರಿ ಬರುವಾ. ಅವರೂ ಮಗನಿಗಾಗಿ ಅಲೆದವರು. 1991ರಲ್ಲಿ ‘ಆ್ಯಕ್ಷನ್ ಫಾರ್ ಆಟಿಸಂ’ ಕಟ್ಟಿದರು, 1994ರಲ್ಲಿ ‘ಓಪನ್ ಡೋರ್’ ಎಂಬ ಶಾಲೆ ಶುರುಮಾಡಿದರು. ಅವರು ತಂದ ಒಂದು ಪದ್ಧತಿ ನನಗೆ ಬಹಳ ದೊಡ್ಡದು ಅನ್ನಿಸುತ್ತದೆ: ಮಗುವನ್ನು ಬಿಟ್ಟು ಹೋಗಿ ಅನ್ನದೆ, ತಾಯಿಯನ್ನೂ ಮಗುವಿನ ಪಕ್ಕ ಕೂರಿಸಿ ಕಲಿಸುವುದು. ದೂರದ ಊರುಗಳಿಂದ ಕುಟುಂಬಗಳು ಬಂದು ದೆಹಲಿಯಲ್ಲಿ ತಿಂಗಳುಗಟ್ಟಲೆ ಮನೆ ಮಾಡಿಕೊಂಡು ಕಲಿತು ವಾಪಸಾದವು. ಹಾಗೆ ಹೋದವರಲ್ಲಿ ಎಷ್ಟೋ ತಾಯಂದಿರು ತಮ್ಮ ಊರಲ್ಲೇ ಸಂಸ್ಥೆಯ ಹಲಗೆ ತೂಗುಹಾಕಿದರು. ಬರುವಾ ಅವರು ಹೊರತರುತ್ತಿದ್ದ ‘ಆಟಿಸಂ ನೆಟ್‌ವರ್ಕ್’ ಪತ್ರಿಕೆಯ ಜೆರಾಕ್ಸ್ ಪ್ರತಿಯೊಂದು ನಮ್ಮ ಕಾರ್ಯದರ್ಶಿಯ ಹೊಲಿಗೆ ಮೆಷಿನ್ನಿನ ಡ್ರಾಯರಿನಲ್ಲಿತ್ತು. ನಾನು ಓದಿದ್ದು ಅದನ್ನೇ. ಡಿಕ್ಷನರಿ ಪಕ್ಕಕ್ಕಿಟ್ಟುಕೊಂಡು, ಎರಡು ರಾತ್ರಿ.

ಕರ್ನಾಟಕದಲ್ಲೂ ಕೆಲಸ ಸಣ್ಣದಲ್ಲ. ವಾಕ್ ಮತ್ತು ಭಾಷಾ ತಜ್ಞೆ ಪ್ರತಿಭಾ ಕಾರಂತರು ಬೆಂಗಳೂರಿನಲ್ಲಿ ಶುರುಮಾಡಿದ ‘ಕಾಮ್ ಡೀಲ್’ ಶಾಲೆಗೆ ಹೋಗುವ ಮುಂಚಿನ ವಯಸ್ಸಿನಲ್ಲೇ ಮಕ್ಕಳನ್ನು ತಯಾರು ಮಾಡುತ್ತದೆ. ಮೈಸೂರಿನ ವಾಕ್ ಶ್ರವಣ ಸಂಸ್ಥೆಯ ಮೆಟ್ಟಿಲು ಹತ್ತದ ಆಟಿಸಂ ಕುಟುಂಬ ನಮ್ಮ ಕಡೆ ಕಡಿಮೆ.

ಇನ್ನು ಕಾನೂನು. 1995ರಲ್ಲಿ ಅಂಗವಿಕಲರಿಗಾಗಿ ಬಂದ ಕಾಯ್ದೆಯಲ್ಲಿ ಏಳು ಬಗೆಯ ವೈಕಲ್ಯಗಳಿದ್ದವು, ಆಟಿಸಂ ಇರಲಿಲ್ಲ. ಪಟ್ಟಿಯಲ್ಲಿ ಹೆಸರಿಲ್ಲ ಅಂದರೆ ಸರ್ಟಿಫಿಕೇಟ್ ಇಲ್ಲ, ಸರ್ಟಿಫಿಕೇಟ್ ಇಲ್ಲ ಅಂದರೆ ಯಾವ ಸೌಲಭ್ಯವೂ ಇಲ್ಲ. ಪಾಲಕರ ಸಂಘಗಳು ಹಟ ಹಿಡಿದು ಓಡಾಡಿದ ಮೇಲೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಲ್ಲಿ ಆಟಿಸಂ ಸೇರಿತು. 2016ರ ಕಾಯ್ದೆಯ 21 ವೈಕಲ್ಯಗಳಲ್ಲಿ ಅದೂ ಒಂದು. ಈಗ ನಲವತ್ತು ಪ್ರಶ್ನೆಗಳ ಅಳತೆಪಟ್ಟಿ ಇಟ್ಟುಕೊಂಡು ಎಷ್ಟರ ಮಟ್ಟಿನದು ಎಂದು ಗುರುತಿಸಿ ಸರ್ಟಿಫಿಕೇಟ್ ಕೊಡುತ್ತಾರೆ. ‘ನಿರಾಮಯ’ ಯೋಜನೆಯಲ್ಲಿ ವರ್ಷಕ್ಕೆ ಒಂದು ಲಕ್ಷ ರೂಪಾಯಿವರೆಗೆ ಆರೋಗ್ಯ ವಿಮೆ ಇದೆ. ನಮ್ಮಲ್ಲಿಗೆ ಹೊಸದಾಗಿ ಬಂದವರಿಗೆ ನಾನು ಮೊದಲು ಹೇಳುವುದೇ ಇದನ್ನು, ಎಷ್ಟೋ ಜನಕ್ಕೆ ಗೊತ್ತಿರುವುದಿಲ್ಲ.

ಮಗನಿಗೆ ಹದಿನೆಂಟು ತುಂಬಿದಾಗ ಇನ್ನೊಂದು ವಿಷಯ ತಿಳಿಯಿತು. ಆ ದಿನದಿಂದ ಕಾನೂನಿನ ಲೆಕ್ಕದಲ್ಲಿ ನಾನು ಅವನ ಪೋಷಕಿಯಲ್ಲ. ಅವನು ವಯಸ್ಕ. ಅವನ ಹೆಸರಿನ ಕಾಗದಪತ್ರಕ್ಕೆ ನಾನು ಸಹಿ ಹಾಕಬೇಕಾದರೆ ಜಿಲ್ಲಾಧಿಕಾರಿ ಮಟ್ಟದ ಸ್ಥಳೀಯ ಸಮಿತಿಯ ಮುಂದೆ ಅರ್ಜಿ ಹಾಕಿ ಪೋಷಕಿ ಎಂದು ನೇಮಕವಾಗಬೇಕು. ಅರ್ಜಿ ಬರೆಯಲು ಕೂತವಳು ನ್ಯಾಷನಲ್ ಟ್ರಸ್ಟ್ ಕಾಯ್ದೆಯನ್ನು ಪೂರ್ತಿ ಓದಿದೆ. ಆ ಸಮಿತಿಯಲ್ಲಿ ಜಿಲ್ಲಾಧಿಕಾರಿಯ ಜೊತೆ ಒಂದು ನೋಂದಾಯಿತ ಸಂಸ್ಥೆಯ ಪ್ರತಿನಿಧಿ ಇರಬೇಕು, ಅಂಗವೈಕಲ್ಯ ಇರುವ ಒಬ್ಬರೂ ಇರಬೇಕು. ಟ್ರಸ್ಟಿನ ಮಂಡಳಿಯಲ್ಲಿ ಸ್ವಯಂಸೇವಾ ಸಂಸ್ಥೆಗಳಿಗೆ ಮೂರು ಸ್ಥಾನ, ಪಾಲಕರ ಸಂಘಗಳಿಗೆ ಮೂರು, ಅಂಗವೈಕಲ್ಯ ಇರುವವರದೇ ಸಂಘಗಳಿಗೆ ಮೂರು. ಪುಟವನ್ನು ಮೇಷ್ಟ್ರಿಗೆ ತೋರಿಸಿದೆ. ಅವರು ಕನ್ನಡಕ ಹಣೆಗೇರಿಸಿ, ‘ನಮ್ಮ ಸಮಿತೀಲಿ ಅಂಥೋರು ಎಷ್ಟಮ್ಮ?’ ಅಂದರು. ಸೊನ್ನೆ.

ಇಷ್ಟು ವರ್ಷ ಅದು ನಮ್ಮ ಕಣ್ಣಿಗೇ ಬಿದ್ದಿರಲಿಲ್ಲ ಅನ್ನುವುದು ನನ್ನನ್ನು ಈಗಲೂ ಚುಚ್ಚುತ್ತದೆ. ಜಗತ್ತಿನಲ್ಲಿ ಆ ಪ್ರಶ್ನೆ ಆಗಲೇ ಎದ್ದಿತ್ತು. ಅಮೆರಿಕದಲ್ಲಿ 2006ರಲ್ಲಿ ಆರಿ ನೀಮನ್ ಎಂಬ ಹುಡುಗ, ಆಗಿನ್ನೂ ಹದಿನೆಂಟರ ಆಸುಪಾಸು, ಆಟಿಸಂ ಇರುವವರೇ ನಡೆಸುವ ಸಂಘವೊಂದನ್ನು ಕಟ್ಟಿದ. ಮರುವರ್ಷ ನ್ಯೂಯಾರ್ಕಿನಲ್ಲಿ ಒಂದು ಪ್ರಚಾರ ಬಂತು. ಮಗುವನ್ನು ಅಪಹರಿಸಿದವರು ಬರೆಯುವಂಥ ಬೆದರಿಕೆ ಚೀಟಿ, ಕೆಳಗೆ ಸಹಿ ಇದ್ದದ್ದು ಆಟಿಸಂ ಹೆಸರಿನಲ್ಲಿ. ಜನರನ್ನು ಎಚ್ಚರಿಸಬೇಕು ಅನ್ನುವುದು ಅದನ್ನು ಮಾಡಿದವರ ಉದ್ದೇಶ. ಆ ಚೀಟಿ ಓದುವವರಲ್ಲಿ ಆಟಿಸಂ ಇರುವವರೂ ಇರುತ್ತಾರೆ ಅಂತ ಅವರಿಗೆ ಹೊಳೆದಿರಲಿಲ್ಲ. ನೀಮನ್ ಮತ್ತು ಜೊತೆಗಾರರು ಪತ್ರ ಬರೆದು, ಫೋನ್ ಮಾಡಿ, ಬೇರೆ ಅಂಗವಿಕಲರ ಸಂಘಗಳನ್ನೂ ಒಟ್ಟುಗೂಡಿಸಿ, ಕೆಲವೇ ವಾರಗಳಲ್ಲಿ ಅದನ್ನು ಹಿಂತೆಗೆಸಿದರು. ಆಟಿಸಂ ಇರುವ ಮಗುವಿನ ಅಜ್ಜ ಅಜ್ಜಿ ಕಟ್ಟಿದ ದೊಡ್ಡ ಸಂಸ್ಥೆ ‘ಆಟಿಸಂ ಸ್ಪೀಕ್ಸ್’ ತನ್ನ ಆಡಳಿತ ಮಂಡಳಿಗೆ ಆಟಿಸಂ ಇರುವ ಇಬ್ಬರನ್ನು ಸೇರಿಸಿಕೊಂಡದ್ದು 2015ರಲ್ಲಿ, ಶುರುವಾಗಿ ಹತ್ತು ವರ್ಷದ ಮೇಲೆ.

ನಮ್ಮಲ್ಲಿಗೆ ಹನ್ನೆರಡರ ವಯಸ್ಸಿನಲ್ಲಿ ಬಂದು, ಕಲಿತು ಹೊರಗೆ ಹೋದ ಒಬ್ಬ ಹುಡುಗನಿದ್ದಾನೆ. ಈಗ ಇಪ್ಪತ್ತೇಳು. ಒಂದು ಪ್ರಿಂಟಿಂಗ್ ಪ್ರೆಸ್ಸಿಗೆ ಮನೆಯಿಂದಲೇ ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿಕೊಡುತ್ತಾನೆ. ಬಾಯಿಬಿಡುವುದು ಅಪರೂಪ, ಹೇಳಬೇಕಾದ್ದನ್ನು ಫೋನಿನಲ್ಲಿ ಬರೆದು ತೋರಿಸುತ್ತಾನೆ. ಮೇಷ್ಟ್ರು ಅವನನ್ನು ಸಮಿತಿಗೆ ತೆಗೆದುಕೊಳ್ಳೋಣ ಅಂದಾಗ ಒಂದು ಭಾನುವಾರ ಪೂರ್ತಿ ವಾದ ನಡೆಯಿತು. ‘ಲೆಕ್ಕಪತ್ರ ಅವನಿಗೆ ಏನು ತಿಳಿಯುತ್ತೆ?’ ಅಂದವರ ಮಾತಿಗೆ ಉತ್ತರ ಕೊಡುವುದು ಸುಲಭವಿತ್ತು. ಕಷ್ಟವಾದದ್ದು ಒಬ್ಬ ತಾಯಿಯ ಮಾತು. ಅವರ ಮಗಳಿಗೆ ಹತ್ತೊಂಬತ್ತು, ಒಂದು ಪದವೂ ಆಡುವುದಿಲ್ಲ, ಬರೆಯುವುದಿಲ್ಲ. ‘ಅವನು ಟೈಪ್ ಮಾಡ್ತಾನೆ ಮೇಷ್ಟ್ರೇ, ದುಡೀತಾನೆ. ನನ್ನ ಮಗಳಿಗೆ ಸ್ನಾನ ಮಾಡಿಸಬೇಕು. ಅವಳ ಕಷ್ಟ ಅವನು ಹೇಗೆ ಹೇಳ್ತಾನೆ? ಅವಳಿಗೆ ನಾನೇ ಬಾಯಿ’ ಅಂದರು. ಅವರ ಮಾತನ್ನು ಯಾರೂ ತಳ್ಳಿಹಾಕಲಿಲ್ಲ, ತಳ್ಳಿಹಾಕುವಂಥದ್ದೂ ಅಲ್ಲ. ಲೋರ್ನಾ ವಿಂಗ್ ಹೇಳಿದ ಸ್ಪೆಕ್ಟ್ರಂ ಅಷ್ಟು ಅಗಲ ಇರುವಾಗ ಒಂದು ತುದಿಯವರು ಇನ್ನೊಂದು ತುದಿಯವರ ಪರ ನಿಲ್ಲಬಹುದೇ ಎಂಬ ಚರ್ಚೆ ಎಲ್ಲ ದೇಶದಲ್ಲೂ ಇದೆ. ನನ್ನ ಅಭಿಪ್ರಾಯ ಇಷ್ಟೆ: ಇಬ್ಬರೂ ಒಂದೇ ಮೇಜಿಗೆ ಕೂರಬೇಕು. ಬೈಲಾ ತಿದ್ದಿದೆವು, ಹತ್ತನೆಯ ಕುರ್ಚಿ ಹಾಕಿದೆವು.

ಮೊದಲ ಸಭೆಯಲ್ಲಿ ಅವನು ಗೋಡೆಗೆ ಬೆನ್ನು ತಿರುಗಿಸಿ, ಕಿಟಕಿಯ ಕಡೆ ಮುಖ ಮಾಡಿ ಕೂತ. ಎರಡನೆಯದರಲ್ಲೂ ಹಾಗೇ. ಮೂರನೆಯ ಸಭೆಯಲ್ಲಿ ಫೋನ್ ನನ್ನ ಕೈಗೆ ಕೊಟ್ಟ. ‘ಆಂಟಿ, ಗೋಡೆ ಗಲಾಟೆ ಮಾಡುತ್ತೆ’ ಅಂತ ಬರೆದಿದ್ದ.

ಹಜಾರದ ನಾಲ್ಕೂ ಗೋಡೆಗೆ ಕಾಲೇಜು ಹುಡುಗರು ಪ್ರೀತಿಯಿಂದ ಬಣ್ಣದ ಚಿತ್ರ ಬರೆದುಕೊಟ್ಟಿದ್ದರು. ಹುಲಿ, ರೈಲು, ಕಾಮನಬಿಲ್ಲು, ಕಾರ್ಟೂನು, ಅಕ್ಷರಮಾಲೆ, ಒಂದಿಂಚು ಜಾಗವಿಲ್ಲದ ಹಾಗೆ. ಬಂದವರೆಲ್ಲ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಆ ಹಜಾರಕ್ಕೆ ಕರೆತಂದ ಕೂಡಲೇ ಕೆಲವು ಮಕ್ಕಳು ಕಣ್ಣು ಮುಚ್ಚಿಕೊಳ್ಳುತ್ತಿದ್ದರು, ಒಬ್ಬ ಮೇಜಿನ ಕೆಳಗೆ ಹೋಗುತ್ತಿದ್ದ. ಅದನ್ನೆಲ್ಲ ನಾವು ಅವರ ನಡವಳಿಕೆ ಅಂತ ರಿಜಿಸ್ಟರಿನಲ್ಲಿ ಬರೆದುಕೊಂಡಿದ್ದೆವು. ಹಳೆಯ ಪುಟ ತಿರುಗಿಸಿ ನೋಡಿದೆ, ಏಳು ವರ್ಷ ಬರೆದುಕೊಂಡಿದ್ದೆವು.

ಸುಣ್ಣ ಬಳಿಯಲು ಎರಡು ದಿನ ರಜೆ ಕೊಟ್ಟೆವು. ಒಂದೇ ಬಣ್ಣ, ಗಂಜಿ ತಿಳಿಯಂಥ ಬಿಳಿ. ಕೆಲಸ ಶುರುವಾಗುವ ಹಿಂದಿನ ಸಂಜೆ ಆ ಹುಡುಗ ಬಂದು ಬಾಗಿಲ ಪಕ್ಕದ ಗೋಡೆಯಲ್ಲಿ ಸೀಮೆಸುಣ್ಣದಿಂದ ಒಂದು ಚೌಕ ಗೀಚಿದ. ಚೌಕದ ಒಳಗೆ ಒಂದು ಆನೆ, ಅದರ ಸೊಂಡಿಲ ಮೇಲೆ ಬಣ್ಣ ಉಜ್ಜಿ ಗಾರೆ ಕಾಣುತ್ತಿತ್ತು. ಇದು ಯಾಕಪ್ಪ ಅಂದೆ. ಫೋನಿನಲ್ಲಿ ಬರೆದ: ‘ಇದಕ್ಕೆ ಬಣ್ಣ ಬೇಡ. ಅವಳು ದಿನಾ ಮುಟ್ಟಿ ಒಳಗೆ ಬರ್ತಾಳೆ.’ ಯಾರು ಅಂತ ಕೇಳಿದ್ದಕ್ಕೆ ಬರೆದದ್ದು ಆ ತಾಯಿಯ ಮಗಳ ಹೆಸರು.

ಬಣ್ಣದ ಮೇಸ್ತ್ರಿ ಆ ಚೌಕದ ಸುತ್ತ ಟೇಪು ಅಂಟಿಸಿ ಕೆಲಸ ಮುಗಿಸಿದ. ಸೋಮವಾರ ಬೆಳಗ್ಗೆ ಆ ತಾಯಿ ಮಗಳನ್ನು ಕರೆತಂದಾಗ ನಾನು ಬಾಗಿಲಲ್ಲೇ ನಿಂತಿದ್ದೆ. ಅವಳು ಚಪ್ಪಲಿ ಬಿಟ್ಟಳು, ಅಂಗೈಯನ್ನು ಸೊಂಡಿಲ ಮೇಲಿಟ್ಟು ಒಂದು ಸಲ ಕೆಳಗೆ ಸವರಿದಳು, ಒಳಗೆ ಹೋದಳು. ಅವಳ ಅಮ್ಮ ಆನೆಯನ್ನು ನೋಡುತ್ತಾ ಹೊಸ್ತಿಲಲ್ಲೇ ನಿಂತುಬಿಟ್ಟರು.